ಇಳಕಲ್ಲಿನಲ್ಲಿ ಒಂದು ವಸ್ತಿ

ದೂರದ ಸೈಕಲ್ ಸವಾರಿಗೆ ಹೊರಡುವಾಗ ರಾತ್ರಿ ಎಲ್ಲಿ ಉಳಿಯೋದು ಅಂತ ಮನೆಯಲ್ಲಿ ಮ್ಯಾಪ್ ಮುಂದೆ ಕೂತು ತೀರ್ಮಾನ ಮಾಡುತ್ತೇವೆ. ರಸ್ತೆಗೆ ಇಳಿದ ಮೇಲೆ ಆ ತೀರ್ಮಾನ ಗಾಳಿಯ ಕೈಗೆ ಹೋಗುತ್ತದೆ. ಏರಿಗೆ ಒಂದು ತುದಿ ಅಂತ ಇರುತ್ತದೆ, ಆಮೇಲೆ ಇಳಿಜಾರು ಸಿಗುತ್ತದೆ. ಎದುರುಗಾಳಿಗೆ ತುದಿಯಿಲ್ಲ. ಹೊಸಪೇಟೆ ಬಿಟ್ಟು, ಮುನಿರಾಬಾದ್ ದಾಟಿ, ಹಿಟ್ನಾಳ ಕ್ರಾಸ್ ಕಳೆದ ಮೇಲೆ ಬಯಲು ಶುರು. ಮರಗಳು ಕಡಿಮೆ. ಡಿಸೆಂಬರ್‌ನ ಒಣಗಾಳಿ ಈಶಾನ್ಯದಿಂದ ಬೀಸುತ್ತದೆ. ಉತ್ತರಕ್ಕೆ ಹೋಗುವವನ ಬಲಗೆನ್ನೆಗೆ ಅದು ದಿನವಿಡೀ ಹೊಡೆಯುತ್ತಲೇ ಇರುತ್ತದೆ. ಪಕ್ಕದಲ್ಲಿ ಲಾರಿ ಹೋದಾಗ ಮಾತ್ರ ಒಂದೆರಡು ಸೆಕೆಂಡ್ ಗಾಳಿ ನಿಲ್ಲುತ್ತದೆ. ಲಾರಿ ಮುಂದೆ ಹೋದ ತಕ್ಷಣ ಬಡ್ಡಿ ಸಮೇತ ವಾಪಸ್ ಬರುತ್ತದೆ.

ನನ್ನ ಲೆಕ್ಕ ಕೂಡಲಸಂಗಮದವರೆಗೆ ಇತ್ತು. ಅಲ್ಲಿ ಯಾತ್ರಿಕರಿಗೆ ಉಳಿಯಲು ಜಾಗ ಸಿಗುತ್ತದೆ, ಬೆಳಿಗ್ಗೆ ಎದ್ದು ಹೊಳೆ ನೋಡಬಹುದು ಅಂದುಕೊಂಡಿದ್ದೆ. ಕುಷ್ಟಗಿಯಲ್ಲಿ ಚಹಾ ಕುಡಿಯುವಾಗಲೇ ಇದು ಆಗುವ ಮಾತಲ್ಲ ಅಂತ ಕಾಲಿಗೆ ಗೊತ್ತಾಗಿತ್ತು. ತಲೆಗೆ ಗೊತ್ತಾಗಲು ಇನ್ನೊಂದಿಷ್ಟು ಕಿಲೋಮೀಟರ್ ಬೇಕಾಯಿತು. ಹಾಗಾಗಿ ಇಳಕಲ್.

ಈ ರಸ್ತೆಯ ಬಗ್ಗೆ ಸ್ವಲ್ಪ ಹೇಳಬೇಕು. ಚಿತ್ರದುರ್ಗದಲ್ಲಿ ಪುಣೆ ಹೆದ್ದಾರಿ ಬಿಟ್ಟು ಬಲಕ್ಕೆ ಹೊರಳಿದರೆ ಸಿಗುವುದು ರಾಷ್ಟ್ರೀಯ ಹೆದ್ದಾರಿ 50. ಹೊಸಪೇಟೆ, ಕುಷ್ಟಗಿ, ಇಳಕಲ್, ಹುನಗುಂದ ಆಗಿ ವಿಜಯಪುರಕ್ಕೆ ಹೋಗುತ್ತದೆ. ಹಳಬರಿಗೆ ಇದು ಇನ್ನೂ ಹದಿಮೂರನೇ ನಂಬರಿನ ರೋಡು. ಕಾರಿನಲ್ಲಿ ಹೋದರೆ ಬೇಸರದ ರಸ್ತೆ, ನಿಜ. ನಾಲ್ಕು ಲೇನು, ಟೋಲು, ಡಾಬಾ, ಮತ್ತೆ ಟೋಲು. ಆದರೆ 1940ರಲ್ಲಿ ಯಾರಾದರೂ ಬೆಂಗಳೂರಿನಿಂದ ಇದೇ ದಾರಿಯಲ್ಲಿ ಸೈಕಲ್ ತುಳಿದಿದ್ದರೆ ನಾಲ್ಕು ಬೇರೆ ಬೇರೆ ಆಡಳಿತಗಳನ್ನು ದಾಟಬೇಕಿತ್ತು. ಚಿತ್ರದುರ್ಗ ಮೈಸೂರು ಮಹಾರಾಜರದ್ದು. ಕೂಡ್ಲಿಗಿ, ಹೊಸಪೇಟೆ ಬಳ್ಳಾರಿ ಜಿಲ್ಲೆಯವು, ಅಂದರೆ ಮದ್ರಾಸ್ ಪ್ರಾಂತ್ಯ. ತುಂಗಭದ್ರೆ ದಾಟಿದರೆ ಹೈದರಾಬಾದ್ ನಿಜಾಮನ ಸೀಮೆ, ಕುಷ್ಟಗಿ ಅದರೊಳಗೆ. ಕುಷ್ಟಗಿ ಕಳೆದು ಇಳಕಲ್ಲಿಗೆ ಬಂದರೆ ವಿಜಾಪುರ ಜಿಲ್ಲೆ, ಮುಂಬೈ ಪ್ರಾಂತ್ಯ. ಬಳ್ಳಾರಿ 1953ರಲ್ಲಿ ಮೈಸೂರಿಗೆ ಸೇರಿತು. ಉಳಿದದ್ದು ಒಂದಾದದ್ದು 1956ರ ನವೆಂಬರ್ 1ರಂದು. ಏಕೀಕರಣದ ಬಗ್ಗೆ ಶಾಲೆಯಲ್ಲಿ ಓದಿದ್ದು ಪರೀಕ್ಷೆ ಮುಗಿದ ದಿನವೇ ಮರೆತಿತ್ತು. ಸೈಕಲ್ ಮೇಲೆ ಅದು ಬೇರೆ ಥರ ತಿಳಿಯುತ್ತದೆ. ಹಿರಿಯೂರಿನಲ್ಲಿ ಮುದ್ದೆ, ಕೂಡ್ಲಿಗಿ ಕಡೆ ಮಂಡಕ್ಕಿ ಮೆಣಸಿನಕಾಯಿ, ಕುಷ್ಟಗಿ ದಾಟುವ ಹೊತ್ತಿಗೆ ರೊಟ್ಟಿ ಬಿಟ್ಟು ಬೇರೆ ಮಾತೇ ಇಲ್ಲ. ಬಸ್ಸಿನ ಮೈಮೇಲೆ ಬರೆದ ಸಂಸ್ಥೆಯ ಹೆಸರೂ ಬದಲಾಗುತ್ತದೆ. ಕುಷ್ಟಗಿಯವರೆಗೆ ಕಲ್ಯಾಣ ಕರ್ನಾಟಕ, ಇಳಕಲ್ಲಿನಿಂದ ವಾಯವ್ಯ ಕರ್ನಾಟಕ. ಹಳೆಯ ಗಡಿ ಹಾಗೇ ಇದೆ, ಬಸ್ಸಿನ ರೂಪದಲ್ಲಿ!

ಇಳಕಲ್ ಹತ್ತಿರ ಬಂತು ಅಂತ ಕಲ್ಲು ಹೇಳುತ್ತದೆ. ರಸ್ತೆ ಪಕ್ಕ ಗ್ರಾನೈಟ್ ಫ್ಯಾಕ್ಟರಿಗಳು, ಅಂಗಳದಲ್ಲಿ ಕೆಂಪು ಛಾಯೆಯ ದೊಡ್ಡ ದೊಡ್ಡ ಬ್ಲಾಕುಗಳು. ಬೆಂಗಳೂರಿನ ಎಷ್ಟೋ ಬ್ಯಾಂಕುಗಳ, ಆಸ್ಪತ್ರೆಗಳ ನೆಲಕ್ಕೆ ಹಾಸಿರುವ ಕೆಂಪು ಕಲ್ಲು ಈ ಸೀಮೆಯದು. ದೂರದ ದೇಶಗಳಿಗೂ ಹೋಗುತ್ತದೆ. ಕಲ್ಲು ಕುಯ್ಯುವ ಗರಗಸದ ಸದ್ದು ಗಾಳಿಯ ಸದ್ದನ್ನೂ ಮೀರಿಸಿ ಕೇಳಿಸುತ್ತಿತ್ತು. ಅಷ್ಟರಲ್ಲಿ ಹಿಂದಿನ ಚಕ್ರ ಮೆತ್ತಗಾಗಿತ್ತು. ಹೆದ್ದಾರಿಯ ಅಂಚಿನಲ್ಲಿ ತುಳಿಯುವವರಿಗೆ ಈ ಕಾಟ ಗೊತ್ತು. ಪಂಕ್ಚರ್ ಮಾಡುವುದು ಮುಳ್ಳಲ್ಲ, ಗಾಜೂ ಅಲ್ಲ. ಲಾರಿ ಟೈರುಗಳು ಸಿಡಿದಾಗ ಒಳಗಿನ ಉಕ್ಕಿನ ತಂತಿ ಚೂರು ಚೂರಾಗಿ ಅಂಚಿಗೆ ಬಂದು ಸೇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ತಂತಿ. ಟೈರಿನೊಳಗೆ ಬೆರಳು ಆಡಿಸಿ ಹುಡುಕಬೇಕು, ಚಿಮುಟದಲ್ಲಿ ಕೀಳಬೇಕು. ಕೀಳದೆ ಹೊಸ ಟ್ಯೂಬ್ ಹಾಕಿದರೆ ಅದೂ ಹೋಗುತ್ತದೆ. ಕತ್ತಲಾಗುತ್ತಿತ್ತು. ಸುಮ್ನೆ ಗಾಳಿ ತುಂಬಿಸಿಕೊಂಡು ಊರೊಳಗೆ ಹೋದೆ.

ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜ್. ಮ್ಯಾನೇಜರ್‌ಗೆ ನನಗಿಂತ ಸೈಕಲ್ಲಿನ ಮೇಲೆ ಕುತೂಹಲ ಜಾಸ್ತಿ. ಎಷ್ಟು ಬೆಲೆ ಅಂತ ಕೇಳಿದರು. ನಾನು ಅರ್ಧ ಬೆಲೆ ಹೇಳಿದೆ. ಸೈಕಲ್ ಓಡಿಸುವವರೆಲ್ಲ ಹೀಗೇ, ಹೆಂಡತಿಗೂ ಅರ್ಧವೇ ಹೇಳಿರುತ್ತಾರೆ. ಅರ್ಧ ಬೆಲೆಗೇ ಅವರು ಬೆಚ್ಚಿದರು. "ಮತ್ತ ಇದಕ್ಕ ಸ್ಟ್ಯಾಂಡೂ ಇಲ್ಲಲ್ರಿ?" ಸೈಕಲ್ಲನ್ನು ರೂಮಿಗೆ ಒಯ್ಯುತ್ತೇನೆ ಅಂದಾಗ ಸ್ವಲ್ಪ ಯೋಚಿಸಿದರು. ಕೊನೆಗೆ ಅವರೇ ದಾರಿ ಹುಡುಕಿದರು. ಕೌಂಟರ್ ಹಿಂದೆ ಇನ್ವರ್ಟರ್ ಇಡುವ ಮೂಲೆ, ಅಲ್ಲೇ ಅವರ ಹಾಸಿಗೆ. ಸೈಕಲ್ ರಾತ್ರಿ ಅವರ ಪಕ್ಕದಲ್ಲೇ ಮಲಗಲಿ ಅಂತಾಯಿತು.

ರಿಜಿಸ್ಟರ್ ತುಂಬುವಾಗ ಇಬ್ಬರೂ ತೊಡರಿದೆವು. ಹೆಸರು, ಊರು, ಆಧಾರ್ ಎಲ್ಲ ಸಲೀಸು. "ವಾಹನ ಸಂಖ್ಯೆ" ಅನ್ನುವ ಕಡೆ ಗೆರೆ ಎಳೆದರು. ಮುಂದಿನದು "ಬಂದ ಉದ್ದೇಶ". ಮೇಲಿನ ಸಾಲುಗಳಲ್ಲಿ ನೋಡಿದೆ. ಗ್ರಾನೈಟ್ ವ್ಯಾಪಾರ, ಸೀರೆ ಖರೀದಿ, ಮದುವೆ, ಕೋರ್ಟ್ ಕೆಲಸ, ಬೀಜ ಕಂಪನಿಯ ಕೆಲಸ. ಎಲ್ಲರಿಗೂ ಒಂದೊಂದು ಕಾರಣ ಇತ್ತು. ನಾನು ಪೆನ್ನು ಹಿಡಿದು ನಿಂತೆ. ಅವರು ಪೆನ್ನು ಇಸಕೊಂಡು "ಸ್ವಂತ ಕೆಲಸ" ಅಂತ ಬರೆದುಬಿಟ್ಟರು. "ಬಿಸಿನೀರು ಮುಂಜಾನೆ ಆರರಿಂದ ಎಂಟ್ರಿ" ಅಂತ ಬೀಗದ ಕೈ ಕೊಟ್ಟರು.

ತಣ್ಣೀರಲ್ಲೇ ಮಿಂದೆ. ಅಂಗಿಯ ಮೇಲೆ ಬೆವರು ಒಣಗಿ ಉಪ್ಪಿನ ಗೆರೆಗಳಾಗಿದ್ದವು. ಇರುವುದು ಒಂದೇ ಜೊತೆ ಸವಾರಿಯ ಬಟ್ಟೆ. ಒಗೆದು, ಟವೆಲ್ಲಿನಲ್ಲಿ ಸುತ್ತಿ, ತುಳಿದು ಹಿಂಡಿ, ಫ್ಯಾನಿನ ಕೆಳಗೆ ಹರಡಿದೆ. ಡಿಸೆಂಬರ್ ಚಳಿಯಲ್ಲಿ ಫ್ಯಾನ್ ಹಾಕಿಕೊಂಡು ಮಲಗುವವರು ಸೈಕಲ್ಲಿನವರು ಮಾತ್ರ. ಲುಂಗಿ ಉಟ್ಟು ಊಟಕ್ಕೆ ಹೊರಟೆ. ಪ್ಯಾಡ್ ಇರುವ ಬಿಗಿ ಚಡ್ಡಿಯಲ್ಲಿ ಖಾನಾವಳಿಗೆ ಹೋಗುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.

ಖಾನಾವಳಿ ಅಂದರೆ ಮನೆಯ ಮುಂದಿನ ಪಡಸಾಲೆ. ಎಳ್ಳ ಅಮಾವಾಸ್ಯೆ ಹತ್ತಿರದಲ್ಲೇ ಇತ್ತು. ಜೋಳದ ಜೊತೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯೂ ಇತ್ತು. ಎಣಗಾಯಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಕೆಂಪು ಖಾರ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು. ದಿನವಿಡೀ ಬಾಳೆಹಣ್ಣು, ಚಿಕ್ಕಿ, ಗ್ಲುಕೋಸ್ ಬಿಸ್ಕತ್ತು ತಿಂದ ಬಾಯಿಗೆ ಖಾರ ಬಿದ್ದಾಗ ಕಣ್ಣಲ್ಲಿ ನೀರು ಬಂತು. ರೊಟ್ಟಿ ಎಷ್ಟಾಯಿತು ಅಂತ ಅಲ್ಲಿ ಯಾರೂ ಎಣಿಸುವುದಿಲ್ಲ. ತಟ್ಟೆ ಖಾಲಿಯಾದರೆ ಇನ್ನೊಂದು ಬಂದು ಬೀಳುತ್ತದೆ.

ಮಾಲೀಕರು ಎದುರಿಗೆ ಬಂದು ಕೂತರು. "ಎಲ್ಲಿಂದ್ರಿ?"

"ಬೆಂಗಳೂರು."

"ಸೈಕಲ್ ಮ್ಯಾಲ?" ಸುದ್ದಿ ಆಗಲೇ ಲಾಡ್ಜಿನಿಂದ ಅಲ್ಲಿಗೆ ತಲುಪಿತ್ತು.

"ಹೌದು."

ಇಂಥ ಕಡೆ ಸಾಮಾನ್ಯವಾಗಿ ಜನ ಅಬ್ಬಾ ಅನ್ನುತ್ತಾರೆ. ನಿಜ ಹೇಳಬೇಕೆಂದರೆ ನಾವು ಅದಕ್ಕೆ ಕಾಯುತ್ತಲೂ ಇರುತ್ತೇವೆ. ಈ ಮನುಷ್ಯ ಅಬ್ಬಾ ಅನ್ನಲಿಲ್ಲ. "ಹರಕಿ ಏನರ ಐತೇನ್ರಿ?" ಅಂತ ಕೇಳಿದರು.

ಅವರು ತಮಾಷೆ ಮಾಡುತ್ತಿರಲಿಲ್ಲ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯಿಂದ ಪ್ರತಿ ವರ್ಷ ಯುಗಾದಿಗೆ ಸಾವಿರಾರು ಜನ ಶ್ರೀಶೈಲಕ್ಕೆ ನಡೆದುಕೊಂಡೇ ಹೋಗುತ್ತಾರೆ. ಬಿರು ಬಿಸಿಲಲ್ಲಿ, ಹೆಗಲ ಮೇಲೆ ಕಂಬಿ ಹೊತ್ತು, ನಲ್ಲಮಲ ಕಾಡು ದಾಟಿ. ಮರಗಾಲು ಕಟ್ಟಿಕೊಂಡು ಹೋಗುವವರೂ ಇದ್ದಾರೆ. ಭ್ರಮರಾಂಬೆ ಕನ್ನಡ ನಾಡಿನ ಮನೆಮಗಳು, ಮಲ್ಲಯ್ಯ ಅಳಿಯ ಅಂತ ನಂಬಿಕೆ. ಹಬ್ಬಕ್ಕೆ ಮಗಳಿಗೆ ಸೀರೆ, ಕುಂಕುಮ ಒಯ್ಯಬೇಕಲ್ಲ, ಅದಕ್ಕೇ ಹೋಗುವುದು. ದಾರಿಯ ಊರಿನವರು ಮಜ್ಜಿಗೆ, ಅಂಬಲಿ, ಕಲ್ಲಂಗಡಿ ಹಿಡಿದು ಕಾದು ನಿಂತಿರುತ್ತಾರೆ. ಕಾಲು ಒತ್ತುವವರೂ ಇರುತ್ತಾರೆ. ಎಣ್ಣೆ ಹಚ್ಚಿ, ಬೊಬ್ಬೆಗೆ ಮದ್ದು ಹಾಕಿ ಕಳಿಸುತ್ತಾರೆ. ಈ ಮಾಲೀಕರೂ ನಡೆದವರೇ. "ಚಪ್ಪಲಿ ಇಲ್ಲದ ಹೋಗ್ತೀವ್ರಿ" ಅಂದರು, ನಾಳೆ ಸಂತೆಗೆ ಹೋಗ್ತೀವಿ ಅನ್ನುವ ದನಿಯಲ್ಲಿ. ನಾನು ಕಾರ್ಬನ್ ಫೋರ್ಕಿನ ಸೈಕಲ್ಲಿನ ಬಗ್ಗೆ ಏನೂ ಹೇಳಲಿಲ್ಲ.

"ಹರಕೆ ಇಲ್ಲ" ಅಂದೆ. "ಮತ್ತ್ಯಾಕ್ರಿ?"

"ಸುಮ್ನೆ."

ಅವರು ಒಂದು ಕ್ಷಣ ನನ್ನನ್ನು ನೋಡಿ, ಒಳಗೆ ತಿರುಗಿ ಇನ್ನೊಂದು ರೊಟ್ಟಿ ತರಲು ಹೇಳಿದರು.

ಈ "ಸುಮ್ನೆ" ನನಗೂ ಪೂರ್ತಿ ಸಮಾಧಾನ ಕೊಡುವ ಉತ್ತರವಲ್ಲ. ಕೆಲವು ವರ್ಷ ಬ್ರೆವೆ ಅನ್ನುವ, ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿಗಳನ್ನು ಮಾಡಿದ್ದೇನೆ. ಪ್ಯಾರಿಸ್‌ನ ಆಡಾಕ್ಸ್ ಕ್ಲಬ್ಬಿನ ನಿಯಮದಲ್ಲಿ ನಡೆಯುವಂಥವು. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ಅದರಲ್ಲಿ ಕಾರಣದ ಪ್ರಶ್ನೆಯೇ ಏಳುವುದಿಲ್ಲ, ಗಡಿಯಾರವೇ ಕಾರಣ. ಆದರೆ ಆ ಸವಾರಿಗಳಲ್ಲಿ ಊರು ಅಂದರೆ ಅಲ್ಲಿ ದಾಟಿದ್ದಕ್ಕೆ ಸಾಕ್ಷಿಯಾಗಿ ಕಾರ್ಡಿನ ಮೇಲೆ ಬೀಳುವ ಒಂದು ಸೀಲು, ಅಥವಾ ಎಟಿಎಂನ ಚೀಟಿ. ಎಷ್ಟೋ ಊರುಗಳನ್ನು ನಾನು ಬೆಳಗಿನ ಜಾವ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಇಪ್ಪತ್ತು ನಿಮಿಷ ನಿದ್ದೆ ಮಾಡಿ ದಾಟಿದ್ದೇನೆ. ಆ ಊರುಗಳ ಬಗ್ಗೆ ಕೇಳಿದರೆ ಬೆಂಚು ಎಷ್ಟು ತಣ್ಣಗಿತ್ತು ಅಂತ ಮಾತ್ರ ಹೇಳಬಲ್ಲೆ. ಈಗ ನನಗೆ ನಡುವಿನ ರಾತ್ರಿಯೇ ಹೆಚ್ಚು ಇಷ್ಟ. ಕಾರಿನಲ್ಲಿ ಬಂದವರು ಇಳಕಲ್ಲಿನಲ್ಲಿ ಉಳಿಯುವುದಿಲ್ಲ. ಮುಂದೆ ವಿಜಯಪುರದ ಗೋಳಗುಮ್ಮಟ, ಹಿಂದೆ ಹಂಪಿ, ಪಕ್ಕದಲ್ಲಿ ಐಹೊಳೆ, ಬಾದಾಮಿ. ನೋಡುವ ಜಾಗಗಳ ಮಧ್ಯೆ ಈ ಊರು ತನ್ನ ಪಾಡಿಗೆ ತಾನು ದುಡಿಯುತ್ತಿರುತ್ತದೆ. ಪ್ರವಾಸಿ ಬರಲಿ ಅಂತ ಯಾರೂ ಬೋರ್ಡ್ ಬರೆಸಿಲ್ಲ. ಅಂಥ ಊರಿಗೆ ಹೋಗಲು ದಣಿದ ಕಾಲೇ ಬೇಕೇನೋ.

ಖಾನಾವಳಿಯ ಗೋಡೆಯ ಮೇಲೆ ಕಾವಿ ತೊಟ್ಟ ಸ್ವಾಮಿಗಳ ಫೋಟೋ ಇತ್ತು. ಇಳಕಲ್ಲಿನ ಮಹಾಂತ ಶಿವಯೋಗಿಗಳು, 2018ರಲ್ಲಿ ಲಿಂಗೈಕ್ಯರಾದವರು. ಜೋಳಿಗೆ ಹಿಡಿದು ಊರೂರು ತಿರುಗುತ್ತಿದ್ದರು. ಬೇಡುತ್ತಿದ್ದದ್ದು ಕಾಸು, ಕಾಳು ಅಲ್ಲ. ನಿಮ್ಮ ಚಟ ಇದಕ್ಕೆ ಹಾಕಿ ಅನ್ನುತ್ತಿದ್ದರು. ಜನ ಬೀಡಿ ಕಟ್ಟು, ಗುಟ್ಕಾ, ತಂಬಾಕಿನ ಚೀಲ ಹಾಕಿ ಇನ್ನು ಮುಟ್ಟುವುದಿಲ್ಲ ಅಂತ ಮಾತು ಕೊಡುತ್ತಿದ್ದರು. ಅವರು ಹುಟ್ಟಿದ ದಿನ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಮಾಲೀಕರು ತಾವೂ ಒಮ್ಮೆ ತಂಬಾಕು ಹಾಕಿದ್ದಾಗಿ ಹೇಳಿದರು. "ಒಂದು ವರ್ಷ ಬಿಟ್ಟಿದ್ದೆ ನೋಡ್ರಿ, ಭಾಳ ತ್ರಾಸಾತು, ಆಮೇಲೆ ಪೂರಾ ಬಿಟ್ಟೆ." ಈ ಲೆಕ್ಕ ನನಗೆ ಅರ್ಥವಾಗಲಿಲ್ಲ. ಮಧ್ಯದಲ್ಲಿ ಏನೋ ನಡೆದಿರಬೇಕು, ಅದನ್ನು ಬಿಟ್ಟು ಹೇಳಿದರು.

ಪಕ್ಕದಲ್ಲಿ ಊಟ ಮಾಡುತ್ತಿದ್ದ ಮುದುಕರೊಬ್ಬರು ನಾನು ಕುಷ್ಟಗಿ ಕಡೆಯಿಂದ ಬಂದೆ ಅಂದಾಗ ಮಾತಿಗೆ ಸೇರಿದರು. "ನಮ್ಮವ್ವನ ತವರುಮನಿ ಆ ಕಡೆ, ಮೊಗಲಾಯಿ" ಅಂದರು. ನಿಜಾಮನ ಸೀಮೆಗೆ ಈ ಕಡೆಯ ಹಳಬರು ಹಾಗೇ ಅನ್ನುವುದು. ರಜಾಕಾರರ ಗಲಾಟೆಯ ಕಾಲದಲ್ಲಿ ಅವ್ವನ ಕಡೆಯವರೆಲ್ಲ ದನಕರು ಹೊಡೆದುಕೊಂಡು ಗಡಿ ದಾಟಿ ಈ ಕಡೆ ಬಂದಿದ್ದರಂತೆ. 1947-48ರಲ್ಲಿ ಗಡಿಯ ಉದ್ದಕ್ಕೂ ಹೀಗೆ ಜನ ಬಂದರು. ಗಜೇಂದ್ರಗಡ, ಮುಂಡರಗಿಯಂಥ ಊರುಗಳಲ್ಲಿ ಹೋರಾಟಗಾರರ ಶಿಬಿರಗಳಿದ್ದವು. 1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ ಆಗುವವರೆಗೆ ಅದು ಎರಡು ದೇಶಗಳ ನಡುವಿನ ಗಡಿಯ ಹಾಗೇ ಇತ್ತು. ಮಧ್ಯಾಹ್ನ ನಾನು ಗಾಳಿಗೆ ಬೈಯುತ್ತಾ ದಾಟಿದ್ದು ಅದೇ ಗೆರೆಯನ್ನು. ಅಲ್ಲಿ ಇದ್ದದ್ದು ಒಂದು ಜಿಲ್ಲೆಯ ಬೋರ್ಡು ಮತ್ತು ಕಬ್ಬಿನ ಹಾಲಿನ ಗಾಡಿ.

ಊಟಕ್ಕೆ ಅವರು ಕೇಳಿದ ಹಣ ತೀರಾ ಕಡಿಮೆ. ಜಾಸ್ತಿ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ವಸ್ತಿ ಬಸ್ಸುಗಳು ನಿಂತಿದ್ದವು. ಡ್ರೈವರ್, ಕಂಡಕ್ಟರ್ ಸೊಳ್ಳೆಪರದೆ ಕಟ್ಟುತ್ತಿದ್ದರು. "ಇವತ್ತು ವಸ್ತಿ ಇಲ್ಲೇನ್ರಿ?" ಅಂತ ಒಬ್ಬರು ನನ್ನನ್ನೇ ಕೇಳಿದರು. ಅವರಿಗೂ ನನ್ನ ಸುದ್ದಿ ಮುಟ್ಟಿತ್ತು.

ಆ ರಾತ್ರಿ ಕೌಂಟರ್ ಹಿಂದೆ ಕೂತು ಟೈರ್ ಬಿಚ್ಚಿದೆ. ಮ್ಯಾನೇಜರ್ ಮೊಬೈಲ್ ಟಾರ್ಚ್ ಹಿಡಿದರು. ತಂತಿ ಸಿಕ್ಕಿದ್ದೂ ಅವರಿಗೇ. ಕಣ್ಣು ಚುರುಕು, ಮೊದಲು ಮಗ್ಗದ ಕೆಲಸ ಮಾಡುತ್ತಿದ್ದೆ ಅಂದರು. ಈಗ ಪವರ್‌ಲೂಮ್ ಬಂದ ಮೇಲೆ ಕೈಮಗ್ಗದಲ್ಲಿ ಕೂಲಿ ಗಿಟ್ಟುವುದಿಲ್ಲ. ಲಾಡ್ಜಿನಲ್ಲಿ ತಿಂಗಳ ಪಗಾರ ಇದೆ. ನಾಳೆ ಮುಂಜಾನೆ ಓಣಿಗೆ ಹೋಗಿ ನೋಡ್ರಿ, ನಮ್ಮ ಕಾಕಾ ಇನ್ನೂ ನೇಯ್ತಾನ ಅಂದರು.

ಹೋದೆ. ಓಣಿಯೊಳಗೆ ಹೋಗುತ್ತಿದ್ದಂತೆ ಎರಡು ಥರದ ಸದ್ದು. ಪವರ್‌ಲೂಮಿನದು ಎಡೆಬಿಡದೆ, ಒಂದೇ ಸಮ. ಕೈಮಗ್ಗದ್ದು ತಡೆದು ತಡೆದು, ಮನುಷ್ಯನ ಉಸಿರಿಗೆ ತಕ್ಕಂತೆ. ಕಾಕಾನದು ಕುಣಿಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತಿದ್ದರು. ಕಾಲು ತುಳಿಯುತ್ತಿತ್ತು, ಕೈ ಲಾಳಿ ಓಡಿಸುತ್ತಿತ್ತು.

ಇಳಕಲ್ ಸೀರೆ ಅಂದರೆ ಅಮ್ಮನ ಟ್ರಂಕಿನಲ್ಲಿ ನೋಡಿದ್ದೆ ಅಷ್ಟೇ. ಅದರ ಒಡಲು ಮತ್ತು ಸೆರಗು ಬೇರೆ ಬೇರೆ ಹಾಸು, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಎಳೆದ ಬೇರೆ ಬೇರೆ ಎಳೆಗಳು, ಅಂತ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಒಡಲಿನ ಹಾಸು ಹತ್ತಿಯದು, ಸೆರಗಿನದು ಕೆಂಪು ರೇಷ್ಮೆ. ಎರಡನ್ನೂ ಮಗ್ಗದ ಮೇಲೇ ಕೂಡಿಸಬೇಕು. ಒಡಲಿನ ಎಳೆಯ ಕುಣಿಕೆಯನ್ನು ಸೆರಗಿನ ಎಳೆಯ ಕುಣಿಕೆಯೊಳಗೆ ತೂರಿಸಬೇಕು. ಒಂದೊಂದಾಗಿ, ಸೀರೆಯ ಅಗಲ ಪೂರ್ತಿ, ಸಾವಿರಾರು ಎಳೆ. ಅದಕ್ಕೇ ಬೇರೆ ಸೀರೆಗಳ ಹಾಗೆ ಉದ್ದಕ್ಕೆ ಹಾಸು ಹಾಕಿ ಸಾಲಾಗಿ ನೇಯ್ದು ಕತ್ತರಿಸುತ್ತಾ ಹೋಗುವಂತಿಲ್ಲ. ಪ್ರತಿ ಸೀರೆಗೂ ಮತ್ತೆ ಕೂಡಿಸುವ ಕೆಲಸ. ಈ ಸೆರಗಿಗೆ ತೋಪ ತೆನಿ ಸೆರಗು ಅನ್ನುತ್ತಾರೆ. ಕೆಂಪಿನ ಮೇಲೆ ಬಿಳಿಯಲ್ಲಿ ಬಾಚಣಿಗೆಯಂಥ ಹಣಿಗೆ, ಕೋಟೆಯ ತೆನೆ, ಜೋಳದ ತೆನೆ ಮೂಡುತ್ತವೆ. ಹಿಂದಿನ ದಿನವೆಲ್ಲ ರಸ್ತೆಯ ಎರಡೂ ಕಡೆ ಹಿಂಗಾರಿ ಜೋಳ ಗಾಳಿಗೆ ಒಲೆಯುವುದನ್ನು ನೋಡುತ್ತಲೇ ಬಂದಿದ್ದೆ. ಈ ಸೀರೆಗೆ ಗುಳೇದಗುಡ್ಡದ ಖಣದ ಕುಪ್ಪಸ ಆಗಬೇಕು, ಬೇರೆ ನಡೆಯುವುದಿಲ್ಲ. ಅದು ಕಾಕಾನ ಅಭಿಪ್ರಾಯ, ನನ್ನ ಅಜ್ಜಿಯದೂ ಅದೇ ಆಗಿತ್ತು.

ಸೈಕಲ್ಲಿನ ವಿಷಯ ಕಾಕಾಗೂ ಗೊತ್ತಿತ್ತು. ಲಾಳಿ ನಿಲ್ಲಿಸದೆ ಹೇಳಿದರು: "ನೀವೂ ತುಳೀತೀರಿ, ನಾನೂ ತುಳೀತೀನಿ. ನಿಮಗ ಪಗಾರ ಯಾರು ಕೊಡ್ತಾರ?"

"ಯಾರೂ ಇಲ್ಲ. ನಾನೇ ಖರ್ಚು ಮಾಡಿ ತುಳಿಯೋದು."

ಕಾಕಾ ಮಗ್ಗ ನಿಲ್ಲಿಸಿ ನಕ್ಕರು. ಒಳಗಿದ್ದ ಹೆಂಡತಿಯನ್ನು ಕರೆದು ಇದನ್ನೇ ಇನ್ನೊಮ್ಮೆ ಹೇಳಿಸಿದರು. ಆಕೆಯೂ ನಕ್ಕರು. ನನಗೂ ನಗು ಬಂತು. ಅವರ ಬೆನ್ನು ನೋಯುತ್ತದೆ, ನನ್ನ ಬೆನ್ನೂ ನೋಯುತ್ತದೆ ಅಂತ ಹೋಲಿಸಿಕೊಂಡು ಮಾತಾಡಬಹುದಿತ್ತು. ಆದರೆ ಅದು ಸುಳ್ಳು ಹೋಲಿಕೆ. ನನಗೆ ಸಾಕಾದಾಗ ನಿಲ್ಲಿಸಬಹುದು. ಅವರು ತುಳಿಯುವುದು ನಿಲ್ಲಿಸಿದರೆ ಆ ವಾರದ ಕೂಲಿ ಇಲ್ಲ. ಪೂರ್ತಿ ಸೀರೆ ಮುಗಿದ ಮೇಲೆಯೇ ಹಣ.

ಮಗ್ಗದ ಮೇಲಿದ್ದ ಸೀರೆ ಕೊಳ್ಳುತ್ತೇನೆ ಅಂದೆ. ಅದು ಅವರದಲ್ಲವಂತೆ. ನೂಲು ಕೊಟ್ಟ ಸಾಹುಕಾರರದು. ಅಂಗಡಿಯ ದಾರಿ ಹೇಳಿದರು, ಜೊತೆಗೆ ಎಚ್ಚರಿಕೆಯನ್ನೂ. "ಸೆರಗು ಕೂಡಿಸಿದ ಜಾಗ ಹಿಂದಿನಿಂದ ನೋಡ್ರಿ. ಕುಣಿಕಿ ಇದ್ರ ಕೈಮಗ್ಗದ್ದು. ಹೊಲಿಗಿ ಇದ್ರ ಬ್ಯಾಡ."

ಅಂಗಡಿ ತೆರೆಯುವ ಹೊತ್ತಿಗೆ ಬಿಸಿಲೇರಿತ್ತು. ಸೈಕಲ್ಲಿನ ತೂಕ ಇಳಿಸಲು ಟೂತ್‌ಬ್ರಷ್‌ನ ಹಿಡಿಯನ್ನೇ ಕತ್ತರಿಸಿ ತಂದವನು ನಾನು. ಹಾಗಿದ್ದೂ ಒಂದು ಸೀರೆ ತೆಗೆದುಕೊಂಡೆ. ಕಪ್ಪು ಒಡಲು, ಕೆಂಪು ಅಂಚು, ಚಂದ್ರಕಾಳಿ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಸೀಟಿನ ಹಿಂದಿನ ಬ್ಯಾಗಿನಲ್ಲಿ ಟ್ಯೂಬು, ಪಂಪಿನ ಪಕ್ಕ ತುರುಕಿದೆ. ಗಾಳಿ ಅಷ್ಟರಲ್ಲಿ ಎದ್ದಿತ್ತು. ಹುನಗುಂದ, ಕೂಡಲಸಂಗಮ ಕ್ರಾಸ್, ಕೃಷ್ಣೆಯ ಸೇತುವೆ ದಾಟಿ ವಿಜಯಪುರ ಮುಟ್ಟುವಾಗ ಕತ್ತಲೆ. ಗೋಳಗುಮ್ಮಟ ನೋಡಿದೆ. ಚೆನ್ನಾಗಿದೆ, ಎಲ್ಲರೂ ಬರೆದಿದ್ದಾರೆ.

ಊರಿಗೆ ಬಂದು ಅಮ್ಮನಿಗೆ ಸೀರೆ ಕೊಟ್ಟೆ. ಅವಳು ಮೊದಲು ಮಾಡಿದ ಕೆಲಸ ಸೆರಗನ್ನು ತಿರುಗಿಸಿ ಹಿಂಬದಿ ನೋಡಿದ್ದು. ಕಾಕಾ ಹೇಳಿದ ಪರೀಕ್ಷೆ ಅವಳಿಗೆ ಯಾರೂ ಹೇಳಿಕೊಡದೆ ಗೊತ್ತಿತ್ತು. ಕುಣಿಕೆ ಇತ್ತು. ಆಮೇಲೆ ಇದನ್ನು ಹೇಗೆ ತಂದೆ ಅಂತ ಕೇಳಿದಳು. ಸೈಕಲ್ ಮೇಲೆ ಅಂದೆ.

"ಬಸ್ಸಿಗೆ ಹೋಗಿದ್ರೆ ಎರಡು ತರಬಹುದಿತ್ತಲ್ಲೋ" ಅಂದಳು.